ನೀವು ಕಾಟು ಹಾಕಿದ ನಾಲ್ಕು ಸಾಲು

ಪ್ರೀತಿಯ ಸೋದರಿಗೆ,

ಧಾರವಾಡದಿಂದ ನಮಸ್ಕಾರ. ರಾಣೇಬೆನ್ನೂರಿನಿಂದ ನೀವು ಕಳಿಸಿದ ‘ಜೀವಕೋಶದ ಮೂಳೆಗಳು’ ಲೇಖನ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ವಿಜ್ಞಾನ ಪುಟಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ‘ಸ್ಥಳಾಭಾವ’ ಎಂದು ಒಂದು ಸಾಲು ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಮೂರನೆಯ ಹಾಳೆಯಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ತಲೆಬರಹ. ಕೋಶದೊಳಗಿನ ಪ್ರೋಟೀನ್ ಎಳೆಗಳ ಜಾಲಕ್ಕಿರುವ ಸೈಟೋಸ್ಕೆಲಿಟನ್ ಎಂಬ ಹೆಸರಿನೊಳಗೆ ಅಸ್ಥಿಪಂಜರ ಇದೆಯೆಂದು ನೀವು ‘ಮೂಳೆ’ ಹಿಡಿದಿರಿ. ಹಿಡಿದ ಮೇಲೆ ಲೇಖನವೆಲ್ಲ ಅದರ ಬೆನ್ನು ಹತ್ತಿತು: ಕಂಬ, ತೊಲೆ, ಗಟ್ಟಿ ಚೌಕಟ್ಟು. 25 ನ್ಯಾನೊಮೀಟರ್ ದಪ್ಪದ ಟೊಳ್ಳು ಕೊಳವೆಯಾದ ಮೈಕ್ರೊಟ್ಯೂಬ್ಯೂಲಿಗೆ ಈ ಮಾತು ಒಂದಿಷ್ಟು ಒಪ್ಪೀತು. ನೀವು ಬರೆಯಹೊರಟ ಮಧ್ಯಂತರ ತಂತುಗಳಿಗೆ ಖಂಡಿತ ಒಪ್ಪುವುದಿಲ್ಲ. ಅವು ಸುಮಾರು 10 ನ್ಯಾನೊಮೀಟರ್ ದಪ್ಪದ ಹುರಿಗಳು. ಎರಡು ಪ್ರೋಟೀನ್ ಸರಪಳಿ ಒಂದಕ್ಕೊಂದು ಸುತ್ತಿಕೊಂಡು ಜೋಡಿಯಾಗುತ್ತವೆ. ಅಂಥ ಎರಡು ಜೋಡಿ ಒಂದರ ತಲೆ ಕಡೆ ಇನ್ನೊಂದರ ಕಾಲು ಬರುವಂತೆ ಪಕ್ಕದಲ್ಲಿ ಕೂಡುತ್ತವೆ. ಹೀಗೆ ಕೂಡಿದ ಎಂಟು ಕಟ್ಟು ಸೇರಿದರೆ ಹಗ್ಗದ ಒಂದು ತುಂಡು, ತುಂಡಿಗೆ ತುಂಡು ಸೇರುತ್ತ ಹೋದರೆ ತಂತು.

ಈ ‘ತಲೆಗೆ ಕಾಲು’ ಎಂಬುದನ್ನು ನೀವು ಬಿಟ್ಟುಬಿಟ್ಟಿದ್ದೀರಿ. ಹಾಗಾಗಿ ಮುಂದೆ ಒಂದು ದೊಡ್ಡ ತಪ್ಪು ಆಗಿದೆ. ಆಕ್ಟಿನ್, ಮೈಕ್ರೊಟ್ಯೂಬ್ಯೂಲ್, ಮಧ್ಯಂತರ ಎಂಬ ಮೂರೂ ಬಗೆಯ ತಂತುಗಳ ಮೇಲೆ ಸಾಮಾನು ಹೊತ್ತ ಮೋಟಾರ್ ಪ್ರೋಟೀನುಗಳು ಓಡಾಡುತ್ತವೆ ಎಂದು ಬರೆದಿದ್ದೀರಿ. ಆಕ್ಟಿನ್ ಮತ್ತು ಮೈಕ್ರೊಟ್ಯೂಬ್ಯೂಲುಗಳ ಮೇಲೆ ಮಾತ್ರ ಓಡಾಡುತ್ತವೆ. ಮಧ್ಯಂತರ ಹುರಿಗೆ ಎರಡು ತುದಿಯೂ ಒಂದೇ, ಯಾವ ಕಡೆ ಹೋಗಬೇಕೆಂಬ ಗುರುತೇ ಅದರಲ್ಲಿಲ್ಲ. ಹುರಿ ಕೂಡಲು ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಬೇಕು ಎಂಬ ಸಾಲನ್ನೂ ತೆಗೆಯಿರಿ. ತಾನಾಗಿಯೇ ಕೂಡುತ್ತದೆ. ‘ಎಲ್ಲ ಜೀವಿಗಳಲ್ಲೂ’ ಇವು ಇವೆ ಎಂಬುದೂ ನಿಲ್ಲದು, ಇಂಥ ಹುರಿ ಕಟ್ಟುವ ಪ್ರೋಟೀನಾದ ಕೆರಾಟಿನ್ ಸಸ್ಯಗಳ ಕೋಶದಲ್ಲಿ ಇಲ್ಲ.

ಹೆಸರಿನ ವಿಷಯ ಬೇರೆ. ಆಕ್ಟಿನ್ 7, ಮೈಕ್ರೊಟ್ಯೂಬ್ಯೂಲ್ 25, ನಡುವಿನದು 10, ಅದಕ್ಕೇ ‘ಮಧ್ಯಂತರ’ ಎಂದಿದ್ದೀರಿ. ಅಂಕಿಗಳು ಸರಿ, ಕಥೆ ತಪ್ಪು. ಎಷ್ಟೋ ಕಡೆ ಹೀಗೇ ಅಚ್ಚಾಗಿದೆ, ನಿಮ್ಮೊಬ್ಬರದೇ ತಪ್ಪಲ್ಲ. 1968ರಲ್ಲಿ ಹೊವಾರ್ಡ್ ಹೋಲ್ಟ್ಜರ್ ಮತ್ತು ಜೊತೆಗಾರರು ಬೆಳೆಯುತ್ತಿದ್ದ ಸ್ನಾಯುಕೋಶಗಳಲ್ಲಿ ಇವನ್ನು ಕಂಡರು. ಸ್ನಾಯುವಿನ ತೆಳು ಆಕ್ಟಿನ್ ಎಳೆಗೂ ದಪ್ಪ ಮಯೋಸಿನ್ ಎಳೆಗೂ ನಡುವಿನ ಗಾತ್ರವಿತ್ತು, ಹೆಸರು ಅಲ್ಲಿಂದ ಬಂತು.

ಇನ್ನು ಭಾಷೆ. ‘ಜೀವಕೋಶದ ಆಕಾರವು ಇವುಗಳಿಂದ ಕಾಪಾಡಲ್ಪಡುತ್ತದೆ.’ ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರೇನ್ರಿ? ‘ಇವು ಕೋಶದ ಆಕಾರ ಕಾಯುತ್ತವೆ’ ಎಂದರೆ ಮುಗಿಯಿತು. ‘ಲ್ಪಡು’ ಇರುವ ಪ್ರತಿ ವಾಕ್ಯಕ್ಕೂ ಪೆನ್ಸಿಲ್ ಗುರುತು ಹಾಕಿದ್ದೇನೆ. ಒಂದೇ ಪ್ಯಾರಾದಲ್ಲಿ ಹನ್ನೊಂದು ಕೆರಾಟಿನ್‌ಗಳ ನಂಬರು ಕೊಟ್ಟಿದ್ದೀರಿ. ಮನುಷ್ಯನಲ್ಲಿ ಕೆರಾಟಿನ್ ಜೀನುಗಳು 54 ಇವೆ ಎಂದಷ್ಟು ಹೇಳಿ, 5 ಮತ್ತು 14 ಎರಡನ್ನೇ ಇಟ್ಟುಕೊಳ್ಳಿ.

ಈಗ ಮೂರನೆಯ ಹಾಳೆ. ನಡುವೆ ನಾಲ್ಕು ಸಾಲು ಬರೆದು ಕಾಟು ಹಾಕಿದ್ದೀರಿ. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ: ‘ನಮ್ಮಜ್ಜ ಕಂಬಳಿ ನೇಯುವಾಗ ಉಣ್ಣಿ ಎಳಿ ಹಸಿ ಮಾಡಿ ಜಗ್ಗಿ ನೋಡತಿದ್ದ. ಒಣಾ ಎಳಿ ಲಗೂ ಹರೀತದ, ಹಸಿ ಎಳಿ ತಾಳತದ ಅಂತಿದ್ದ.’ ತಂಗೀ, ನಿಮ್ಮ ಲೇಖನ ಇರುವುದೇ ಅಲ್ಲಿ. ಉಣ್ಣೆಯೆಂದರೆ ಕೆರಾಟಿನ್, ಅದೇ ಹುರಿಗಳ ಕಟ್ಟು. ನಾನೂ ಒಂದು ಕೂದಲು ಕಿತ್ತು ಸ್ಟೀಲ್ ಸ್ಕೇಲಿನ ಮೇಲೆ ಅಳೆದೆ, 10 ಸೆಂಟಿಮೀಟರ್ ಇತ್ತು. ಲೋಟದ ನೀರಲ್ಲಿ ನೆನೆಸಿ ಮೆಲ್ಲಗೆ ಎಳೆದರೆ 13ರ ಹತ್ತಿರ ಬಂತು, ಹರಿಯಲಿಲ್ಲ. ಬಿಟ್ಟು ಮತ್ತೆ ನೀರಿಗೆ ಹಾಕಿದಾಗ ಹಿಂದಕ್ಕೆ ಸರಿಯಿತು. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಇದೇ ಉಣ್ಣೆಯ ಎಳೆಯನ್ನು ಎಳೆದು, ಎಕ್ಸ್‌ರೇ ಹಾಯಿಸಿ, ಒಳಗಿನ ಸುರುಳಿ ಬಿಚ್ಚಿಕೊಳ್ಳುವುದನ್ನು ಕಂಡದ್ದು. ನಿಮ್ಮಜ್ಜನ ಬೆರಳಿಗೆ ಗೊತ್ತಿದ್ದ ಸಂಗತಿ ಅದು. ಅದಕ್ಕೆ ನೀವೇಕೆ ನಾಚಿಕೊಂಡಿರಿ?

ಅಲ್ಲಿಂದ ಶುರು ಮಾಡಿ ಚರ್ಮಕ್ಕೆ ಬನ್ನಿ. ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ ಕಾಯಿಲೆಗೆ ಎರಡು ಪ್ಯಾರಾ ಕೊಡಿ. 1991ರಲ್ಲಿ ಎಲೇನ್ ಫ್ಯೂಕ್ಸ್ ಅವರ ತಂಡ ಕೆರಾಟಿನ್ 14 ಕೆಟ್ಟ ಇಲಿಗಳನ್ನು ಬೆಳೆಸಿತು. ಅವುಗಳ ಚರ್ಮ ಸ್ವಲ್ಪ ಉಜ್ಜಿದರೂ ಗುಳ್ಳೆ ಏಳುತ್ತಿತ್ತು. ಇಂಥದ್ದೇ ಕಾಯಿಲೆ ಮನುಷ್ಯರಲ್ಲೂ ಇದೆಯಲ್ಲ ಎಂದು ರೋಗಿಗಳ ಜೀನು ನೋಡಿದರೆ ದೋಷ ಅಲ್ಲೇ ಸಿಕ್ಕಿತು. ಎಪಿಡರ್ಮೊಲಿಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಎಂಬ ಆ ಕಾಯಿಲೆಯ ಮಗು ತೆವಳಲು ಶುರು ಮಾಡಿದರೆ ಮೊಣಕಾಲು, ಅಂಗೈಗಳ ಮೇಲೆ ನೀರುಗುಳ್ಳೆ. ಚರ್ಮದ ತಳದ ಪದರದ ಕೋಶಗಳೇ ಒಳಗಿನಿಂದ ಹರಿದುಹೋಗುತ್ತವೆ. ಹುರಿ ಏನು ಕೆಲಸ ಮಾಡುತ್ತಿತ್ತು ಎಂದು ಓದುವವರಿಗೆ ಅಲ್ಲಿ ಗೊತ್ತಾಗುತ್ತದೆ.

ಕೋಶಕ್ಕೆ ಕೋಶ ಕೂಡುವುದನ್ನು ಕೌದಿಗೆ ಹೋಲಿಸಿದ್ದು ಚಂದ ಕಾಣುತ್ತದೆ, ಆದರೆ ಬಿಡಿ. ಕೌದಿಯಲ್ಲಿ ಒಂದೇ ದಾರ ಎಲ್ಲ ತುಂಡುಗಳನ್ನೂ ಹಾಯುತ್ತದೆ. ಕೆರಾಟಿನ್ ಹುರಿ ಕೋಶ ದಾಟುವುದಿಲ್ಲ, ಪಕ್ಕದ ಕೋಶಕ್ಕೆ ಬೆಸೆಯುವ ಅಂಚಿನ ಗುಂಡಿಯಂಥ ಡೆಸ್ಮೊಸೋಮಿಗೆ ಬಂದು ಕಟ್ಟಿಕೊಳ್ಳುತ್ತದೆ. ಆ ಕಡೆಯ ಕೋಶದಲ್ಲೂ ಹಾಗೇ. ಜಂಪರಿನ ಟಿಚ್ ಬಟನ್ ಇದಕ್ಕೆ ಹತ್ತಿರ.

ತಿದ್ದಿ ಬರೆದದ್ದು ಎಂಟು ನೂರು ಪದ ಮೀರದಿರಲಿ, ಹಾಳೆಯ ಒಂದೇ ಬದಿಗೆ ಬರೆಯಿರಿ. ಅಜ್ಜನ ಮಾತನ್ನು ಗ್ರಾಂಥಿಕ ಮಾಡಬೇಡಿ. ಮನೆಯವರನ್ನು ಒಂದು ಮಾತು ಕೇಳಿ: ಅವರು ಎಳೆ ಹಸಿ ಮಾಡುತ್ತಿದ್ದದ್ದು ಬರೀ ನೀರಿನಿಂದಲೋ, ಮಗ್ಗದ ಹಾಸು ಎಳೆಗಳಿಗೆ ಹಚ್ಚುವ ಹುಣಸೆಬೀಜದ ಗಂಜಿಯಿಂದಲೋ? ಗಂಜಿಯಾದರೆ ಎಳೆ ಬಿರುಸಾಗಿ ನಿಲ್ಲುತ್ತದೆ, ಆಗ ಮೊದಲ ಪ್ಯಾರಾ ಬೇರೆ ಥರ ಬರೆಯಬೇಕಾಗುತ್ತದೆ.

ನಿಮ್ಮ,
ಸಂಪಾದಕ