ಸಂಪಾದಕರ ಉತ್ತರ: ಕೊಡಲಿ ಬರುವ ಮೊದಲೇ ಮರದ ಲೆಕ್ಕ ಬರೆಯೋಣ

ಮಧ್ಯ ಕರ್ನಾಟಕದ ಸಣ್ಣ ಪಟ್ಟಣವೊಂದರಿಂದ ನಿವೃತ್ತ ಶಿಕ್ಷಕಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: 'ನಮ್ಮ ಪುರಸಭೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ ಎಂದು ಈಚೆಗೆ ಗೊತ್ತಾಯಿತು. ಹೋಗಿ ದಾಖಲೆ ಕೇಳಿದೆ, ತೋರಿಸಿದರು. ಅದರಲ್ಲಿ ನಮ್ಮೂರ ಕೆರೆಯ ಹೆಸರೇ ತಪ್ಪು. ಇಲ್ಲಿ ಯಾರೂ ಕಂಡಿರದ ಕಾಡುಮರಗಳ ಪಟ್ಟಿ ಇದೆ. ಬಸ್ ನಿಲ್ದಾಣದ ರಸ್ತೆಯ ಮಳೆಮರಗಳೇ ಇಲ್ಲ. ಆ ಮರಗಳಿಗೆ ಈಗ ಬಣ್ಣದಲ್ಲಿ ನಂಬರ್ ಹಾಕಿದ್ದಾರೆ. ರಸ್ತೆ ಅಗಲ ಮಾಡುತ್ತಾರಂತೆ. ಚರಂಡಿ ನೀರು ಸೀದಾ ಕೆರೆಗೆ ಹೋಗುತ್ತಿದೆ. ಇಂಥ ಸಮಿತಿ ಇದ್ದರೆಷ್ಟು, ಬಿಟ್ಟರೆಷ್ಟು? ಪತ್ರಿಕೆಯಲ್ಲಿ ನೀವು ಇದರ ಬಗ್ಗೆ ಭರವಸೆ ಕೊಟ್ಟು ಬರೆಯುವುದು ಸರಿಯಾ? ನಾನೇ ಸದಸ್ಯೆ ಆಗಬೇಕೆಂದರೆ ಏನು ಮಾಡಬೇಕು?'

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ಸಮಿತಿಯನ್ನು ಕೈಬಿಡಬೇಡಿ ಎಂದೇ ಹೇಳುತ್ತೇನೆ. ಕಾರಣ ಒಂದೇ. ಊರಿನಲ್ಲಿ ಯಾವ ಮರ, ಯಾವ ಹಕ್ಕಿ, ಯಾವ ಸೊಪ್ಪು, ಯಾವ ನೀರು ಇದೆ ಎಂದು ಊರಿನವರೇ ಕೂತು ಬರೆಯುವ ಕೆಲಸವನ್ನು ಕಾನೂನು ಈ ಸಮಿತಿಗೆ ಒಪ್ಪಿಸಿದೆ. ಆ ಬರಹ ಸರಿಯಾಗಿದ್ದರೆ ಮುಂದೆ ಹತ್ತು ಕಡೆ ಕೆಲಸಕ್ಕೆ ಬರುತ್ತದೆ. ಸುಳ್ಳಾಗಿದ್ದರೆ ನಿಮ್ಮ ಮಳೆಮರಗಳಿಗೆ ಆದದ್ದೇ ಆಗುತ್ತದೆ. ಕಡಿಯುವ ಹೊತ್ತಿಗೆ 'ಇಲ್ಲಿ ಮುಖ್ಯವಾದದ್ದು ಏನೂ ಇರಲಿಲ್ಲ' ಎಂದು ಯಾರು ಬೇಕಾದರೂ ಹೇಳಬಹುದು.

ಈ ಸಮಿತಿ ಹುಟ್ಟಿದ್ದು 2002ರ ಜೀವವೈವಿಧ್ಯ ಕಾಯ್ದೆಯಿಂದ. ಅದರ 41ನೇ ಕಲಂ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇಂಥ ಸಮಿತಿ ಇರಬೇಕು ಎನ್ನುತ್ತದೆ. ಹಳ್ಳಿಗೆ ಗ್ರಾಮ ಪಂಚಾಯಿತಿಯದು, ಪಟ್ಟಣಕ್ಕೆ ಪುರಸಭೆಯದು. 2024ರವರೆಗೆ ಜಾರಿಯಲ್ಲಿದ್ದ 2004ರ ನಿಯಮಗಳ ಪ್ರಕಾರ ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಲ್ಲದಷ್ಟು ಮಹಿಳೆಯರು ಇರಬೇಕಿತ್ತು. ಪರಿಶಿಷ್ಟ ಜಾತಿ, ಪಂಗಡದವರು ಶೇ 18ಕ್ಕಿಂತ ಕಡಿಮೆ ಇರುವಂತಿರಲಿಲ್ಲ. ಸಮಿತಿಯ ಮುಖ್ಯ ಕೆಲಸವೇ ಜನತಾ ಜೀವವೈವಿಧ್ಯ ದಾಖಲಾತಿ. ಊರಿನ ಜನರ ತಿಳಿವಳಿಕೆಯನ್ನೇ ದಾಖಲೆ ಮಾಡಬೇಕು ಎಂಬ ಈ ವಿಚಾರಕ್ಕೆ 1990ರ ದಶಕದಲ್ಲೇ ರೂಪ ಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಮುಖ್ಯರು.

ಹಾಗಿದ್ದೂ ನಿಮ್ಮೂರ ದಾಖಲೆಯಲ್ಲಿ ಇಲ್ಲದ ಮರ ಹೇಗೆ ಬಂತು? ದೇಶದ ಹೆಚ್ಚಿನ ಕಡೆ ವರ್ಷಗಟ್ಟಲೆ ಸಮಿತಿಯೂ ಇರಲಿಲ್ಲ, ದಾಖಲೆಯೂ ಇರಲಿಲ್ಲ. ಇದನ್ನು ಪ್ರಶ್ನಿಸಿ 2016ರಲ್ಲಿ ಪರಿಸರದ ಮೊಕದ್ದಮೆ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹೋಯಿತು. 2019ರಲ್ಲಿ ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ 31ರೊಳಗೆ ಎಲ್ಲ ಕಡೆ ಸಮಿತಿ, ದಾಖಲೆ ಆಗಬೇಕು, ಆಗದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು. ಆದೇಶದ ಉದ್ದೇಶ ಒಳ್ಳೆಯದೇ. ಆದರೆ ಒಂದು ಊರಿನ ಗಿಡಮರ, ಹಕ್ಕಿ, ಬೀಜ ಬರೆಯಬೇಕಾದರೆ ಮಳೆಗಾಲ, ಚಳಿಗಾಲ, ಬೇಸಿಗೆ ಮೂರನ್ನೂ ನೋಡಬೇಕು. ಕೆಲವೇ ತಿಂಗಳ ಅವಸರದಲ್ಲಿ ಬರೆದದ್ದು ಹೇಗಿರುತ್ತದೆ ಎಂದು ನೀವೇ ನೋಡಿದ್ದೀರಿ. ಪಕ್ಕದೂರಿನ ಪಟ್ಟಿ ಇಲ್ಲಿಗೆ ಬರುತ್ತದೆ, ಕೆರೆಯ ಹೆಸರು ತಪ್ಪುತ್ತದೆ. ಆದರೆ ಒಂದು ಸಮಾಧಾನ ಇದೆ. ಈ ದಾಖಲೆಯನ್ನು ಒಮ್ಮೆ ಬರೆದು ಬೀಗ ಹಾಕುವಂತಿಲ್ಲ. ಅದನ್ನು ತಿದ್ದುತ್ತಾ, ಸೇರಿಸುತ್ತಾ ಹೋಗಬೇಕು ಅನ್ನುವುದು ಅದರ ಸ್ವಭಾವದಲ್ಲೇ ಇದೆ. ಇರುವ ತಪ್ಪು ದಾಖಲೆಯನ್ನು ತಿದ್ದಿ ಎಂದು ಕೇಳುವುದಕ್ಕೆ ನಿಮಗೆ ಪೂರ್ತಿ ದಾರಿ ಇದೆ.

ಬರೆದಿಟ್ಟರೆ ಏನಾಗುತ್ತದೆ ಅಂತ ಕೇಳಬಹುದು. ಸಾಲುಮರದ ತಿಮ್ಮಕ್ಕ ಅವರ ಮರಗಳನ್ನೇ ನೆನೆಯಿರಿ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಅವರೂ ಅವರ ಗಂಡನೂ ನೆಟ್ಟು ನೀರು ಹೊತ್ತು ಬೆಳೆಸಿದ ಆಲದ ಮರಗಳು 385 ಎಂದು ನಾಡಿಗೆಲ್ಲ ಗೊತ್ತಿತ್ತು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಯೋಜನೆ ಆ ಮರಗಳ ಬುಡಕ್ಕೇ ಬಂತು. ತಿಮ್ಮಕ್ಕ ಸರ್ಕಾರದ ಮುಂದೆ ಹೋಗಿ ಕೇಳಿಕೊಂಡರು. ಮರ ಉಳಿಸಿಕೊಂಡು ಬೇರೆ ದಾರಿ ನೋಡುವುದಾಗಿ ಆಗಿನ ಸರ್ಕಾರ ಹೇಳಿತು. ತಿಮ್ಮಕ್ಕನವರ ಹೆಸರಿನ ಬಲ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಮರಗಳಿಗೆ ಲೆಕ್ಕ ಇತ್ತು, ಜಾಗ ಇತ್ತು, ಬೆಳೆಸಿದವರು ಯಾರು ಅನ್ನುವುದಿತ್ತು. ನಿಮ್ಮೂರ ಮಳೆಮರಗಳಿಗೆ ಇದು ಯಾವುದೂ ಇಲ್ಲ. ಕಂಟ್ರಾಕ್ಟರ್ ಹಾಕಿದ ನಂಬರ್ ಒಂದೇ ಇದೆ.

ಇನ್ನೊಂದು ಉದಾಹರಣೆ ನಿಮಗೆ ದೂರವೇನಲ್ಲ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅದು ಹೊಲಕ್ಕೆ ನೀರು ಬಿಡಲೆಂದು ಹಿಂದಿನವರು ಕಟ್ಟಿಸಿದ ಊರ ಕೆರೆ. ವಿಸ್ತೀರ್ಣ 100 ಹೆಕ್ಟೇರ್‌ಗೂ ಸ್ವಲ್ಪ ಕಮ್ಮಿ. ಕೆರೆಯಂಗಳದ ಜಾಲಿ ಮರಗಳ ಮೇಲೆ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. 2024ರ ಆರಂಭದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಕರಾವಳಿಯ ಅಘನಾಶಿನಿ ಅಳಿವೆ ಜೊತೆಗೆ ಅದಕ್ಕೂ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಆ ಪಟ್ಟಿಗೆ ಸೇರುವುದಕ್ಕೆ ಕೆರೆ ಚೆನ್ನಾಗಿದೆ ಎಂದರೆ ಸಾಲದು. ಎಷ್ಟು ಜಾತಿಯ ಹಕ್ಕಿ, ಯಾವ ತಿಂಗಳಲ್ಲಿ ಬರುತ್ತವೆ, ಎಲ್ಲಿ ಗೂಡು ಕಟ್ಟುತ್ತವೆ ಎಂದು ತೋರಿಸಬೇಕು. ಯಾರೋ ಬೆಳಗಿನ ಚಳಿಯಲ್ಲಿ ಏರಿ ಮೇಲೆ ನಿಂತು ಎಣಿಸಿದ್ದರು ಅಂತಲೇ ತೋರಿಸಲು ಸಾಧ್ಯವಾಯಿತು.

ನಿಮ್ಮೂರಿನ ದಾಖಲೆ ಶುರು ಮಾಡುವುದಾದರೆ ಕೆರೆಯಿಂದಲೇ ಮಾಡಿ. ಪಹಣಿ ಮತ್ತು ಗ್ರಾಮ ನಕ್ಷೆ ತೆಗೆಸಿ. ಸರ್ವೆ ನಂಬರ್, ವಿಸ್ತೀರ್ಣ, ಕೋಡಿ ಎಲ್ಲಿ, ತೂಬು ಎಲ್ಲಿ, ನೀರು ಬರುವ ಕಾಲುವೆ ಯಾವ ಯಾವ ಜಮೀನು ದಾಟಿ ಬರುತ್ತದೆ, ಎಲ್ಲ ಬರೆಯಿರಿ. ಭೂಮಾಪನ ಇಲಾಖೆಯ ದಿಶಾಂಕ್ ಆಪ್ ಫೋನಿನಲ್ಲಿದ್ದರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ಕಾಣುತ್ತದೆ. ಹಳೆಯ ನೀರುಗಂಟಿಯ ಮನೆಯವರು ಯಾರಾದರೂ ಇದ್ದಾರಾ ವಿಚಾರಿಸಿ. ಯಾವ ಕಾಲುವೆ ಎಲ್ಲಿ ಮುಚ್ಚಿಹೋಯಿತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಆಮೇಲೆ ಹೆಂಗಸರ ಹತ್ತಿರ ಹೋಗಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ದಾಖಲೆಗಳು ಸೊರಗುವುದೇ ಇಲ್ಲಿ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳುವವರಿಗೆ ಹೊನಗೊನ್ನೆ ಎಲ್ಲಿ ಸಿಗುತ್ತದೆ, ಅಣ್ಣೆ ಸೊಪ್ಪು ಯಾವ ಮಳೆಗೆ ಏಳುತ್ತದೆ, ಒಂದೆಲಗ ಯಾವ ಮೂಲೆಯಲ್ಲಿ ಉಳಿದಿದೆ, ಯಾವುದು ಈಗ ಸಿಗುವುದೇ ಇಲ್ಲ, ಎಲ್ಲ ಗೊತ್ತು. ಸಮಿತಿಯಲ್ಲಿ ಮಹಿಳೆಯರು ಇರಲೇಬೇಕು ಎಂದು ಆ ನಿಯಮ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ. ಸೊಪ್ಪು ಕೀಳುವವರು, ಮೀನು ಹಿಡಿಯುವವರು, ಕುರಿ ಕಾಯುವವರು, ನಾಟಿ ಔಷಧಿ ಕೊಡುವವರು ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ನಿಮ್ಮೂರ ದಾಖಲೆಯ ಅರ್ಧ ಕೆಲಸ ಮುಗಿಯುತ್ತದೆ.

ಮರದ ಲೆಕ್ಕ ಸುಲಭ, ಆದರೆ ಶಿಸ್ತು ಬೇಕು. ಒಂದು ರಸ್ತೆ ಹಿಡಿಯಿರಿ. ಮರದ ಹೆಸರು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ, ಯಾರ ಮನೆ ಅಥವಾ ಅಂಗಡಿ ಎದುರು, ಗೂಡು ಅಥವಾ ಜೇನು ಇದೆಯಾ, ಬುಡಕ್ಕೆ ಕಾಂಕ್ರೀಟ್ ಹಾಕಿದ್ದಾರಾ, ಇಷ್ಟು ಸಾಕು. ತಾರೀಖಿನ ಸಮೇತ ಫೋಟೊ ತೆಗೆಯಿರಿ. ನೀವು ಶಿಕ್ಷಕಿಯಾಗಿದ್ದವರು. ಹೈಸ್ಕೂಲಿನ ಮಕ್ಕಳಿಗೆ ಟೇಪು, ನೋಟ್‌ಬುಕ್ ಕೊಟ್ಟರೆ ಅವರು ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ.

ಈಗ ಅಧಿಕಾರದ ಮಾತು. ಇಲ್ಲಿ ನಿಮ್ಮ ಆಕ್ಷೇಪವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಸಮಿತಿಗೆ ರಸ್ತೆ ಕೆಲಸ ನಿಲ್ಲಿಸುವ ಅಧಿಕಾರ ಇಲ್ಲ. ವ್ಯಾಪಾರಕ್ಕಾಗಿ ಊರಿನ ವ್ಯಾಪ್ತಿಯಿಂದ ಗಿಡಮೂಲಿಕೆ, ಉಪ್ಪಾಗೆ, ಸೀಗೆಕಾಯಿಯಂಥದ್ದನ್ನು ಸಂಗ್ರಹಿಸುವವರಿಂದ ಶುಲ್ಕ ತೆಗೆದುಕೊಳ್ಳಬಹುದು. ವಿಶೇಷವಾದ ತಾಣ ಇದ್ದರೆ ಜೀವವೈವಿಧ್ಯ ಪಾರಂಪರಿಕ ತಾಣ ಮಾಡಿ ಎಂದು ಒತ್ತಾಯಿಸಬಹುದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಪಾರಂಪರಿಕ ತಾಣ ಆದದ್ದು ಇದೇ ಕಾಯ್ದೆಯಡಿ. ಆದರೆ ಬಸ್ ನಿಲ್ದಾಣದ ಮಳೆಮರದ ಹಣೆಬರಹ ಬರೆಯುವುದು ಬೇರೆ ಕಾನೂನು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅಲ್ಲಿ ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷಾಧಿಕಾರಿ. 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಸಾರ್ವಜನಿಕರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕು. ಆದ್ದರಿಂದ ನಂಬರ್ ಹಾಕಿದ ಮರ ಎಷ್ಟು ಎಂದು ಇವತ್ತೇ ಎಣಿಸಿ. ಕಮ್ಮಿ ಇದ್ದರೂ ಬರಹದಲ್ಲಿ ಆಕ್ಷೇಪಣೆ ಕೊಡಿ, ನಿಮ್ಮ ಮಕ್ಕಳು ಬರೆದ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ. ಮರಗಳ ನಡುವೆ ಎಷ್ಟು ಅಗಲ ಇದೆ ಎಂಬ ಅಳತೆ ಇದ್ದರೆ, ಮರ ಉಳಿಸಿಯೂ ರಸ್ತೆ ಮಾಡಬಹುದು ಅನ್ನುವ ವಾದಕ್ಕೆ ಬೆಲೆ ಬರುತ್ತದೆ.

ಸ್ಥಳೀಯ ಸಮಿತಿಗೆ ನಿಜವಾದ ಅಧಿಕಾರ ಕೊಟ್ಟರೆ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ನೋಡಬೇಕು. ಅಲ್ಲಿ 1957ರಲ್ಲೇ ಊರುಗಳಿಗೆ ಸಂರಕ್ಷಣಾ ಆಯೋಗ ಮಾಡಿಕೊಳ್ಳಲು ಕಾನೂನು ಬಂತು. ಸದಸ್ಯರು ಸಂಬಳ ಇಲ್ಲದ ಊರಿನವರೇ. ಆಮೇಲೆ ಬಂದ ಜೌಗು ನೆಲದ ಕಾನೂನು ಅವರ ಕೈಗೆ ಬಲ ಕೊಟ್ಟಿತು. ಜೌಗಿನಿಂದ 100 ಅಡಿಯೊಳಗೆ ನೆಲ ಅಗೆಯಬೇಕೆಂದರೂ ಆಯೋಗದ ಮುಂದೆ ಹೋಗಬೇಕು. ಬಹಿರಂಗ ವಿಚಾರಣೆ ನಡೆಯುತ್ತದೆ, ಷರತ್ತು ಹಾಕುತ್ತಾರೆ. ಬಾಸ್ಟನ್ ಸುತ್ತಮುತ್ತ ಹಳ್ಳದ ಪಕ್ಕ ಮನೆ ಮಾಡಿರುವ ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ನಮ್ಮ ಸಮಿತಿಗಳಿಗೂ ಕೆರೆ, ಕಾಲುವೆ, ರಸ್ತೆ ಮರಗಳ ವಿಷಯದಲ್ಲಿ ಇಷ್ಟಾದರೂ ಅಧಿಕಾರ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದಾಗ ಅದಕ್ಕೆ ಅವಕಾಶ ಇತ್ತು. ಅದು ಆಗಲಿಲ್ಲ. ಬದಲಿಗೆ ಕಾಯ್ದೆ ಮುರಿದವರಿಗೆ ಇದ್ದ ಜೈಲು ಶಿಕ್ಷೆ ಹೋಗಿ ದಂಡ ಮಾತ್ರ ಉಳಿಯಿತು. ಇದು ನನಗೆ ಬೇಸರ ತಂದ ವಿಷಯ.

ಚರಂಡಿ ನೀರಿನ ದೂರು ಸಮಿತಿಗೆ ಕೊಟ್ಟು ಸುಮ್ನೆ ಕೂರಬೇಡಿ. ಅದು 1974ರ ಜಲ ಮಾಲಿನ್ಯ ಕಾಯ್ದೆಗೆ ಬರುವ ವಿಷಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅಲ್ಲೂ ಆಗದಿದ್ದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಇದೆ. ವಿವಾದ ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವುದು ಸಾಮಾನ್ಯ ನಿಯಮ. ಹಾಗಾಗಿ ತಾರೀಖು ಇರುವ ಫೋಟೊ, ತಿಂಗಳು ತಿಂಗಳಿಗೆ ನೀರಿನ ಬಣ್ಣ, ವಾಸನೆ, ಸತ್ತ ಮೀನಿನ ಟಿಪ್ಪಣಿ ತುಂಬ ಮುಖ್ಯ.

ಇನ್ನು ಸದಸ್ಯೆ ಆಗುವ ಪ್ರಶ್ನೆ. ಸದಸ್ಯರನ್ನು ನಾಮಕರಣ ಮಾಡುವುದು ಪುರಸಭೆ. ಮೊದಲು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಈಗಿನ ಸದಸ್ಯರು ಯಾರು, ಅವಧಿ ಯಾವಾಗ ಮುಗಿಯುತ್ತದೆ, ಎಷ್ಟು ಸಭೆ ಆಗಿದೆ, ನಡಾವಳಿ ಪ್ರತಿ ಕೊಡಿ ಎಂದು ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಇದು ನೆನಪಿರಲಿ. 30 ದಿನದಲ್ಲಿ ಉತ್ತರ ಬರಬೇಕು. ಅದರ ಜೊತೆಗೇ ನಿಮ್ಮ ವಾರ್ಡಿನ ಸದಸ್ಯರನ್ನು ಭೇಟಿ ಮಾಡಿ, ಸಮಿತಿಗೆ ನಿಮ್ಮ ಹೆಸರು ಸೂಚಿಸಲು ಕೇಳಿ. ಸೊಪ್ಪು ಕೀಳುವ ಒಬ್ಬರ ಹೆಸರನ್ನೂ ಕೊಡಿ. ಸ್ಥಾನ ಖಾಲಿ ಇಲ್ಲ ಎಂದರೂ ಲೆಕ್ಕ ಬರೆಯುವ ಕೆಲಸಕ್ಕೆ ಸದಸ್ಯತ್ವ ಬೇಕಿಲ್ಲ. ಬರೆದದ್ದನ್ನು ಸಮಿತಿಗೆ ಕೊಡಿ, ದಾಖಲೆಗೆ ಸೇರಿಸಿ ಎಂದು ಕೇಳಿ, ಒಂದು ಪ್ರತಿಯನ್ನು ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಅಂಚೆಯಲ್ಲಿ ಕಳಿಸಿ. ಇನ್ನೊಂದು ಪ್ರತಿ ನಮಗೂ ಬರಲಿ. ನಿಮ್ಮೂರ ಬಸ್ ನಿಲ್ದಾಣದ ರಸ್ತೆಯ ಮರಗಳ ಪಟ್ಟಿಯನ್ನು ಪೂರ್ತಿಯಾಗಿ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.