ಆಲ್ಬಂ ಹಿಡಿಸಲಿಲ್ಲ ಅಂತ ಬರೆದರೆ 'ನಿನಗೆ ಅರ್ಥ ಆಗಿಲ್ಲ' ಅನ್ನುತ್ತಾರೆ. ಯಾರು ಸರಿ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಅಮೆರಿಕದ ರಾಕ್ ಗಾಯಕ ಕ್ಯಾಪ್ಟನ್ ಬೀಫ್‌ಹಾರ್ಟ್ ಅವರ 'ಟ್ರೌಟ್ ಮಾಸ್ಕ್ ರೆಪ್ಲಿಕಾ' ಆಲ್ಬಂ ಕೇಳಿದಿರಿ. 'ಕೈಗೆ ಬಂದಂಗೆ ಬಾರಿಸಿದ ಗಲಾಟೆ, ಹತ್ತಕ್ಕೆ ಎರಡು' ಅಂತ ವಿಮರ್ಶೆ ಬರೆದಿರಿ. ಗೆಳೆಯರು 'ನಿನಗೆ ಅರ್ಥ ಆಗಿಲ್ಲ ಬಿಡು' ಅಂದು ಮಾತು ಮುಗಿಸಿದರು. ನಿಮಗೆ ಬೇಜಾರಾಗಿದೆ.

ಬೇಜಾರಾಗಬೇಕಾದದ್ದೇ. 'ಅರ್ಥ ಆಗಿಲ್ಲ' ಅನ್ನೋದು ಉತ್ತರವೇ ಅಲ್ಲ. ಹಾಗಂತ ನಿಮ್ಮ ಸಾಲಿನಲ್ಲೂ ಒಂದು ತಪ್ಪಿದೆ.

ದಾವಣಗೆರೆಯಲ್ಲಿ ನಾವು ಆರು ಜನ ಒಂಬತ್ತು ವರ್ಷದಿಂದ ಇದೇ ಜಗಳ ಆಡುತ್ತಾ ಬಂದಿದ್ದೇವೆ. ಪಿ.ಜೆ. ಬಡಾವಣೆಯಲ್ಲಿ ಒಬ್ಬ ಗೆಳೆಯನ ಎಲೆಕ್ಟ್ರಿಕಲ್ ಅಂಗಡಿ ಇದೆ. ಅದರ ಮಹಡಿ ಮೇಲಿನ ರೂಮಿನಲ್ಲಿ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ವಾರಕ್ಕೆ ಒಂದೇ ಆಲ್ಬಂ. ಎಲ್ಲರೂ ಮನೆಯಲ್ಲಿ ಕೇಳಿ, ಒಂದು ಪುಟ ಬರೆದು ತರಬೇಕು. ಬರೆದವನು ತನ್ನದನ್ನು ತಾನೇ ಓದುವಂತಿಲ್ಲ, ಪಕ್ಕದವನಿಗೆ ಕೊಡಬೇಕು. ದನಿ ಏರಿಸಿ ಇಳಿಸಿ ಓದಿದರೆ ಪೊಳ್ಳು ಸಾಲೂ ಗಟ್ಟಿ ಇದ್ದಂತೆ ಕೇಳಿಸುತ್ತದೆ. ಬೇರೆಯವನ ಬಾಯಲ್ಲಿ ಅದು ಬೇಗ ಸಿಕ್ಕಿಬೀಳುತ್ತದೆ.

ಈಗ ನಿಮ್ಮ ಸಾಲಿಗೆ ಬರುತ್ತೇನೆ. 'ನನಗೆ ಹಿಡಿಸಲಿಲ್ಲ' ಅನ್ನುವುದು ನಿಮ್ಮದು. ಅದನ್ನು ಯಾರೂ ಕಿತ್ತುಕೊಳ್ಳಲಾರರು. 'ಕೈಗೆ ಬಂದಂಗೆ ಬಾರಿಸಿದ್ದಾರೆ' ಅನ್ನುವುದು ಹಾಗಲ್ಲ. ಆ ಜನ ಏನು ಮಾಡಿದರು ಅನ್ನುವ ಮಾತು ಅದು, ಅದನ್ನು ಸರಿಯೋ ತಪ್ಪೋ ಅಂತ ನೋಡಬಹುದು. ನೋಡಿದರೆ ತಪ್ಪು. 1969ರ ಆಲ್ಬಂ ಅದು, 28 ಹಾಡು. ನಿರ್ಮಾಪಕ ಬೀಫ್‌ಹಾರ್ಟ್ ಅವರ ಶಾಲೆಯ ದಿನಗಳ ಗೆಳೆಯ ಫ್ರಾಂಕ್ ಜಪ್ಪಾ. ಬೀಫ್‌ಹಾರ್ಟ್ ಪಿಯಾನೋ ಕಲಿತವರಲ್ಲ. ಕೂತು ತುಣುಕು ತುಣುಕಾಗಿ ನುಡಿಸುತ್ತಿದ್ದರು. ಡ್ರಮ್ಮರ್ ಜಾನ್ ಫ್ರೆಂಚ್ ಅದನ್ನು ಬರೆದುಕೊಂಡು, ಜೋಡಿಸಿ, ಉಳಿದವರಿಗೆ ಕಲಿಸುತ್ತಿದ್ದರು. ಲಾಸ್ ಏಂಜಲೀಸ್ ಹೊರವಲಯದ ಒಂದು ಬಾಡಿಗೆ ಮನೆಯಲ್ಲಿ ತಿಂಗಳುಗಟ್ಟಲೆ ಇದೇ ತಾಲೀಮು. ಆಮೇಲೆ ಸ್ಟುಡಿಯೋಗೆ ಹೋಗಿ ಹೆಚ್ಚಿನ ವಾದ್ಯಭಾಗವನ್ನು ಕೆಲವೇ ಗಂಟೆಗಳಲ್ಲಿ ರೆಕಾರ್ಡ್ ಮಾಡಿ ಎದ್ದು ಬಂದರು. ಸುಮ್ನೆ ಬಾರಿಸುವವರಿಗೆ ಅದು ಆಗುವ ಕೆಲಸವಲ್ಲ. (ಆ ಮನೆಯಲ್ಲಿ ವಾದಕರು ಅನುಭವಿಸಿದ ಹಸಿವು, ಬೈಗುಳ ಗೊತ್ತಾದ ಮೇಲೆ ನಮ್ಮಲ್ಲಿ ಒಬ್ಬ ಈ ಆಲ್ಬಂ ಕೇಳುವುದನ್ನೇ ಬಿಟ್ಟ. ಅವನ ಆ ವಿಮರ್ಶೆ ಮೂರೇ ಸಾಲು. ಅದರ ಮೇಲೆ ಯಾರೂ ವಾದ ಮಾಡಲಿಲ್ಲ.)

ಒಂದು ಕೆಲಸ ಮಾಡಿ. ಅದರ ಮೊದಲ ಹಾಡು 'ಫ್ರೌನ್‌ಲ್ಯಾಂಡ್' ಎರಡು ನಿಮಿಷವೂ ಇಲ್ಲ. ಇನ್ನೊಮ್ಮೆ ಹಾಕಿ. ಈ ಸಲ ಹಾಡುವ ದನಿ ಬಿಟ್ಟುಬಿಡಿ, ಒಂದೇ ಒಂದು ಗಿಟಾರಿನ ಬೆನ್ನು ಹತ್ತಿ. ಅದಕ್ಕೆ ಅದರದೇ ತಾಳದ ಲೆಕ್ಕ ಇದೆ. ಆಮೇಲೆ ಇನ್ನೊಂದು ಗಿಟಾರು. ಅದರ ಲೆಕ್ಕ ಬೇರೆ. ಎರಡು ಲೆಕ್ಕ ಒಟ್ಟಿಗೆ ಓಡುವುದೇ ನಿಮಗೆ ಗಲಾಟೆಯಾಗಿ ಕೇಳಿಸಿದ್ದು. ಇಷ್ಟು ಕೇಳಿದ ಮೇಲೂ 'ನನ್ನ ಕಿವಿಗೆ ಇದು ಹಿಂಸೆ' ಅಂತ ಬರೆಯಿರಿ. ನಾನು ಆ ವಿಮರ್ಶೆಗೆ ತಲೆಬಾಗುತ್ತೇನೆ.

ನನ್ನ ಕಿವಿ ತೆರೆದದ್ದು ಇಂಥದೇ ಒಂದು ಜಗಳದಲ್ಲಿ. ಆ ವಾರ ಕ್ಯಾನ್ ತಂಡದ 'ಟ್ಯಾಗೋ ಮ್ಯಾಗೋ'. ಜರ್ಮನಿಯ ಕಲೋನ್ ಊರಿನವರು, 1971ರಲ್ಲಿ ಬಂದ ಎರಡು ಎಲ್‌ಪಿಗಳ, ಅಂದರೆ ಎರಡು ದೊಡ್ಡ ಗ್ರಾಮಫೋನ್ ತಟ್ಟೆಗಳ, ಆಲ್ಬಂ. ಊರ ಹತ್ತಿರದ ಒಂದು ಹಳೆಯ ಕೋಟೆಮನೆಯಲ್ಲಿ ಗಂಟೆಗಟ್ಟಲೆ ನುಡಿಸಿ, ಆ ಟೇಪನ್ನು ಬೇಸ್ ಗಿಟಾರ್ ವಾದಕ ಹೋಲ್ಗರ್ ಚುಕೈ ಕತ್ತರಿಸಿ ಜೋಡಿಸಿದ್ದು. ಅದರ ಎರಡನೇ ಬದಿ ಪೂರ್ತಿ ಒಂದೇ ಹಾಡು, 'ಹಲ್ಲೆಲುವಾ', 18 ನಿಮಿಷ ದಾಟುತ್ತದೆ. ನಾನು ಬರೆದಿದ್ದೆ: 'ಯಾಕಿ ಲೀಬೆಟ್ಸೈಟ್ ಅವರ ಡ್ರಮ್ಮು ಯಂತ್ರದ ಹಾಗೆ ಒಂದೇ ಪೆಟ್ಟನ್ನು ತಿರುಗಿಸುತ್ತದೆ, ಅದರಲ್ಲಿ ಜೀವವಿಲ್ಲ.'

ನನ್ನ ಪುಟ ಓದುತ್ತಿದ್ದವನು ಅಲ್ಲೇ ನಿಲ್ಲಿಸಿದ. ಅವನ ತಂದೆ ನಮ್ಮೂರಿನ ಕಾಟನ್ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ಅದು.

'ಯಂತ್ರದ ಹಾಗೆ ಅಂದ್ರೆ ಜೀವ ಇಲ್ಲ ಅಂತ ಯಾರು ಹೇಳಿದ್ದಪ್ಪಾ ನಿನಗೆ?' ಅಂದ. 'ನಮ್ಮಪ್ಪ ಮಗ್ಗದ ಸದ್ದು ಕೇಳೇ ನೂಲು ಹರಿದಿದ್ದು ಹೇಳ್ತಿದ್ರು. ಎಲ್ಲಾ ಮಗ್ಗನೂ ಒಂದೇ ಸಮ ಬಡೀತಿದ್ರೂ, ತಮ್ಮ ಮಗ್ಗದ ಪೆಟ್ಟು ಒಂಚೂರು ಬದಲಾದ್ರೆ ಅವರಿಗೆ ಗೊತ್ತಾಗೋದು.'

ಹಾಗಂದು ಹಾಡು ಹಾಕಿ ಮೇಜಿನ ಮೇಲೆ ಎರಡು ಬೆರಳಲ್ಲಿ ಆ ಪೆಟ್ಟು ಬಡಿಯತೊಡಗಿದ. ಎಲ್ಲೆಲ್ಲಿ ಡ್ರಮ್ಮು ಬದಲಾಗುತ್ತದೋ ಅಲ್ಲಲ್ಲಿ ಬೆರಳು ಎತ್ತುತ್ತಿದ್ದ. ಹೈಹ್ಯಾಟ್, ಅಂದರೆ ಕಾಲಲ್ಲಿ ಒತ್ತುವ ಜೋಡಿ ತಾಳ, ಒಂಚೂರು ಜಾಸ್ತಿ ತೆರೆದಾಗ ಎತ್ತಿದ. ಸ್ನೇರ್ ಡ್ರಮ್ಮಿನ ಮೇಲೆ ನವಿರಾಗಿ ಇನ್ನೊಂದು ಪೆಟ್ಟು ಸೇರಿದಾಗ ಎತ್ತಿದ. ಹದಿನೆಂಟು ನಿಮಿಷದಲ್ಲಿ ಎಷ್ಟು ಸಲ ಎತ್ತಿದನೋ, ಲೆಕ್ಕ ಇಡಲಿಲ್ಲ. ಕೆಳಗೆ ಅಂಗಡಿ ಶಟರ್ ಎಳೆದ ಸದ್ದು ಬಂದರೂ ಯಾರೂ ಕದಲಲಿಲ್ಲ. ನಾನು ಪುಟ ವಾಪಸ್ ಇಸ್ಕೊಂಡು ಆ ಸಾಲಿಗೆ ಗೀಟು ಹಾಕಿದೆ.

ಅವನು 'ನಿನಗೆ ಅರ್ಥ ಆಗಿಲ್ಲ' ಅಂದಿದ್ದರೆ ನಾನು ಸಿಟ್ಟಾಗಿ ಮನೆಗೆ ಹೋಗುತ್ತಿದ್ದೆ. ಅವನು ಕೇಳಿಸಿದ. ನಿಮ್ಮ ಗೆಳೆಯರು ಮಾಡಬೇಕಿದ್ದ ಕೆಲಸ ಅದು.

ಅದೇ ಆಲ್ಬಂನ ಮೂರನೇ ಬದಿ 'ಔಮ್ಗ್ನ್' ಬಗ್ಗೆ ಮಾತ್ರ ನಾನು ಇವತ್ತಿಗೂ ಸೋತಿಲ್ಲ. 17 ನಿಮಿಷ ದಾಟುವ ಅದರಲ್ಲಿ ತಂಡದ ಕೀಬೋರ್ಡ್ ವಾದಕ ಇರ್ಮಿನ್ ಶ್ಮಿಟ್ ಮಂತ್ರದ ಹಾಗೆ ದನಿ ಎಳೆಯುತ್ತಾರೆ. ಆ ಎಳೆತ ನನಗೆ ಅತಿಯಾಯಿತು. ಆದರೆ ಮೊದಲ ಸಲ ನಾನು ಹನ್ನೊಂದನೇ ನಿಮಿಷಕ್ಕೇ ನಿಲ್ಲಿಸಿದ್ದೆ, ಅದನ್ನು ಬರೆದಿರಲಿಲ್ಲ. 'ಕೊನೇಲಿ ಡ್ರಮ್ಮು ಹೇಗೆ ಏರುತ್ತೆ ಹೇಳು' ಅಂತ ಗೆಳೆಯರು ಅಂದಾಗ ನನ್ನ ಹತ್ತಿರ ಮಾತಿರಲಿಲ್ಲ. ಅವತ್ತಿಂದ ನಮ್ಮಲ್ಲಿ ಒಂದು ಕಟ್ಟಳೆ: ಪೂರ್ತಿ ಕೇಳದಿದ್ದರೆ ಎಲ್ಲಿ ನಿಲ್ಲಿಸಿದೆ ಅಂತ ನಿಮಿಷ ಹಾಕಿ ಬರೆಯಬೇಕು. ಹೊಗಳಿದರೂ ತೆಗಳಿದರೂ ಯಾವ ನಿಮಿಷದ ಮಾತು ಅಂತ ಹೇಳಬೇಕು.

ಯಾವುದರಲ್ಲಿ ಕೇಳಿದೆ ಅಂತಲೂ ಬರೆಯಬೇಕು. ಇಂಗ್ಲೆಂಡಿನ ಟಾಕ್ ಟಾಕ್ ತಂಡದ 'ಸ್ಪಿರಿಟ್ ಆಫ್ ಈಡನ್' ಆಲ್ಬಂ 1988ರದ್ದು. ಅದರ ಶುರುವಿನಲ್ಲಿ ಬಹಳ ಹೊತ್ತು ತೀರಾ ಮೆಲ್ಲನೆಯ ಸದ್ದುಗಳಷ್ಟೇ. ನಮ್ಮ ಒಬ್ಬ ಗೆಳೆಯ ಅದನ್ನು ಅಶೋಕ ರಸ್ತೆಯ ಪಕ್ಕ ನಿಂತು ಮೊಬೈಲ್ ಸ್ಪೀಕರಿನಲ್ಲಿ ಕೇಳಿ 'ಮೊದಲ ಎರಡು ನಿಮಿಷ ಏನೂ ಇಲ್ಲ' ಅಂತ ಬರೆದಿದ್ದ. ರೂಮಿನಲ್ಲಿ ಹಾಕಿದೆವು. ಆಗಲೂ ಅವನಿಗೆ ಕೇಳಿಸಲಿಲ್ಲ. ಯಾಕೆಂದರೆ ಆರೂ ಜನ ಮಂಡಕ್ಕಿ ಮೆಲ್ಲುತ್ತಿದ್ದೆವು. ಮಂಡಕ್ಕಿಯ ಕರಕರ ಶುರುವಿನ ತುತ್ತೂರಿಯ ದನಿಗಿಂತ ದೊಡ್ಡದು. ಪೊಟ್ಟಣ ಮುಚ್ಚಿಟ್ಟು, ಫ್ಯಾನ್ ಆರಿಸಿ ಮತ್ತೆ ಹಾಕಿದಾಗ ಅವನೇ ತನ್ನ ಪುಟ ಹರಿದ. ಈಗ ಮಂಡಕ್ಕಿ-ಮಿರ್ಚಿ ಏನಿದ್ದರೂ ಜಗಳದ ಹೊತ್ತಿಗೆ.

ನಿಮ್ಮ ಗೆಳೆಯರು ಇಂಥ ಪ್ರಾಯೋಗಿಕ ಸಂಗೀತ, ಅಂದರೆ ರೂಢಿ ಮುರಿದು ಪ್ರಯೋಗ ಮಾಡುವ ಸಂಗೀತ, ಕೆಲವರಿಗಷ್ಟೇ ತೆರೆಯುವ ಬಾಗಿಲು ಅಂದುಕೊಂಡಂತಿದೆ. ನಾನು ಇದನ್ನು ಒಪ್ಪುವುದಿಲ್ಲ. ಅಮೆರಿಕದ ರಾಕ್ ಗಾಯಕ ಲೂ ರೀಡ್ 1975ರಲ್ಲಿ 'ಮೆಟಲ್ ಮಷೀನ್ ಮ್ಯೂಸಿಕ್' ಅಂತ ಒಂದು ಆಲ್ಬಂ ತಂದರು. ನಾಲ್ಕು ಬದಿ, ಒಂದೊಂದು ಬದಿಯೂ 16 ನಿಮಿಷ, ಬರೀ ಗಿಟಾರಿನ ಫೀಡ್‌ಬ್ಯಾಕ್. ಮದುವೆ ಮಂಟಪದಲ್ಲಿ ಮೈಕು ಕುಂಯ್ ಅನ್ನುತ್ತದಲ್ಲ, ಅದೇ ಜಾತಿಯ ಸದ್ದು. ಚಳ್ಳಕೆರೆ ಕಡೆಯ ಗೆಳೆಯನೊಬ್ಬ ಒಂದು ದಿನ ಬಂದಿದ್ದ, ರಾಕ್ ಕೇಳಿದವನೇ ಅಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟು, 'ಇದು ಉರುಮೆ ಉಜ್ಜಿದಂಗೈತಲ್ಲ' ಅಂದ. ಉರುಮೆಯ ಒಂದು ಮೈಯನ್ನು ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕಡ್ಡಿಯಲ್ಲಿ ಉಜ್ಜುತ್ತಾರೆ. ಚರ್ಮ ಬಡಿತಕ್ಕಲ್ಲ, ತಿಕ್ಕಾಟಕ್ಕೆ ಗುಂಯ್ ಅಂತ ನರಳುತ್ತದೆ. ಜಾತ್ರೆಯಲ್ಲಿ ಅದು ಎದೆಯೊಳಗೇ ಕೇಳಿಸುತ್ತದೆ. ಆ ಆಲ್ಬಂ ಬಗ್ಗೆ ನಮ್ಮ ರೂಮಿನಲ್ಲಿ ಬಂದ ಮಾತುಗಳಲ್ಲಿ ಅದಕ್ಕಿಂತ ಒಳ್ಳೆಯದು ನನಗೆ ನೆನಪಿಲ್ಲ. ನಿಮ್ಮ ಕಿವಿಯಲ್ಲಿ ಈಗಾಗಲೇ ಇರುವ ಸದ್ದನ್ನು ನಂಬಿ. ಇಂಗ್ಲಿಷ್ ಪತ್ರಿಕೆಯ ಪದ ಸಾಲ ತರುವುದು ಬೇಡ.

ಅಂಕದ ಬಗ್ಗೆ ಜಾಸ್ತಿ ಹೇಳಲ್ಲ. ಇಂಗ್ಲೆಂಡಿನ ರೇಡಿಯೋಹೆಡ್ ತಂಡ 2000ದ ಅಕ್ಟೋಬರಿನಲ್ಲಿ 'ಕಿಡ್ ಎ' ಆಲ್ಬಂ ತಂದಾಗ ಮೆಲೋಡಿ ಮೇಕರ್ ಪತ್ರಿಕೆ ಐದಕ್ಕೆ ಒಂದೂವರೆ ಕೊಟ್ಟಿತು, ಪಿಚ್‌ಫೋರ್ಕ್ ಅನ್ನುವ ಸಂಗೀತ ವೆಬ್‌ಸೈಟು ಹತ್ತಕ್ಕೆ ಹತ್ತು ಕೊಟ್ಟಿತು. ನಾವು ಅಂಕ ಕೊಡುವುದನ್ನು ಎರಡನೇ ವರ್ಷವೇ ಕೈಬಿಟ್ಟೆವು. ಅಂಕ ಇದ್ದಾಗ ಎಲ್ಲರೂ ಅಂಕದ ಮೇಲೇ ಜಗಳ ಆಡುತ್ತಿದ್ದರು, ಹಾಡಿನ ಹತ್ತಿರ ಯಾರೂ ಬರುತ್ತಿರಲಿಲ್ಲ.

ಹಾಗಾಗಿ ಆ 'ಎರಡು' ಅಳಿಸಿ. 'ಕೈಗೆ ಬಂದಂಗೆ' ಅನ್ನುವುದನ್ನೂ ಅಳಿಸಿ. ನಿಮಗೆ ತಡೆಯಲಾಗದ್ದು ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ, ಏನು ಕೇಳಿ, ಅಂತ ಬರೆಯಿರಿ. ಗೆಳೆಯರು ಮತ್ತೆ 'ಅರ್ಥ ಆಗಿಲ್ಲ' ಅಂದರೆ, 'ಸರಿ, ಆ ನಿಮಿಷ ಹಾಕು, ನಿನಗೆ ಏನು ಕೇಳಿಸುತ್ತೆ ತೋರಿಸು' ಅನ್ನಿ. ತೋರಿಸಿದರೆ ಕೂತು ಕೇಳಿ.

ಬರೆದ ಮೇಲೆ ಇಲ್ಲೇ ಕೆಳಗೆ ಹಾಕಿ. ನಾವು ಆ ಆಲ್ಬಂ ಮುಟ್ಟಿ ನಾಲ್ಕು ವರ್ಷ ಆಯಿತು. ಮುಂದಿನ ಭಾನುವಾರ ಮತ್ತೆ ಹಾಕುತ್ತೇವೆ, ನಿಮ್ಮ ಪುಟವನ್ನೂ ಒಬ್ಬರು ಓದುತ್ತಾರೆ.