ಭೂತಕಣ ಬಿಡಿ, ಲೆಕ್ಕ ಬರೆಯಿರಿ

ಮಾನ್ಯರೇ,

ಪರಮಾಣು ರಿಯಾಕ್ಟರ್‌ನಿಂದ ಹೊರಟು ಬಹುತೇಕ ಯಾವುದಕ್ಕೂ ತಾಗದೆ ಹಾದುಹೋಗುವ ನ್ಯೂಟ್ರಿನೊ ಕಣಗಳನ್ನು ಎಣಿಸಿದ, ಚೀನಾದ ದಾಯಾ ಬೇ ಪ್ರಯೋಗದ ಮೇಲಿನ ನಿಮ್ಮ ‘ಭೂತಕಣದ ಬೇಟೆ’ ಲೇಖನವನ್ನು ಈಗಿರುವ ಹಾಗೆ ಹಾಕಲಾಗುವುದಿಲ್ಲ. ಭಾಷೆ ಚೆನ್ನಾಗಿದೆ. ಆದರೆ ಮೊದಲ ಎರಡು ಪುಟ ಬರೀ ಬೆರಗು. ಅಳೆದದ್ದು ಹೇಗೆ ಅನ್ನುವುದಕ್ಕೆ ಸಿಕ್ಕಿದ್ದು ಎರಡೇ ಸಾಲು.

ಮೊದಲು ದೊಡ್ಡ ತಪ್ಪು. ನ್ಯೂಟ್ರಿನೊ ಗೋಸುಂಬೆಯಂತೆ ಬಣ್ಣ ಬದಲಿಸುವುದನ್ನು (ಎಲೆಕ್ಟ್ರಾನ್, ಮ್ಯುವಾನ್, ಟೌ ಎಂಬ ಮೂರು ಬಗೆಗಳ ನಡುವೆ ತಿರುಗುವುದನ್ನು) ಡಿಟೆಕ್ಟರ್ ‘ನೋಡುತ್ತದೆ’ ಎಂದಿದ್ದೀರಿ. ನೋಡುವುದಿಲ್ಲ. ರಿಯಾಕ್ಟರ್‌ನಿಂದ ಹೊರಡುವುದು ಕೆಲವೇ ಎಂಇವಿ (ಮಿಲಿಯನ್ ಎಲೆಕ್ಟ್ರಾನ್-ವೋಲ್ಟ್, ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿಯ ಎಲೆಕ್ಟ್ರಾನ್ ಆಂಟಿನ್ಯೂಟ್ರಿನೊ, ಅಂದರೆ ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೊದ ಪ್ರತಿಕಣ. ಅದು ಮ್ಯುವಾನ್ ಬಗೆಗೆ ತಿರುಗಿದರೂ ಅದರ ಗುರುತಾದ ಮ್ಯುವಾನನ್ನು (ಎಲೆಕ್ಟ್ರಾನ್‌ನಂಥದೇ, ಆದರೆ ಬಹಳ ಭಾರದ ಕಣ) ಹುಟ್ಟಿಸಲು 100 ಎಂಇವಿಗೂ ಹೆಚ್ಚು ಬೇಕು, ಅಷ್ಟು ಅದರ ಬಳಿ ಇಲ್ಲ. ಬರಬೇಕಾದಷ್ಟು ಬರಲಿಲ್ಲ ಎಂಬುದೊಂದೇ ಇಲ್ಲಿ ಸಾಕ್ಷಿ.

ಹಾಗಾದರೆ ಎಷ್ಟು ಬರಬೇಕಿತ್ತು? ಓದುಗರು ಕೇಳುವುದು ಇದನ್ನೇ, ನೀವು ಹಾರಿಸಿದ್ದೂ ಇದನ್ನೇ. ರಿಯಾಕ್ಟರ್‌ಗಳ ಶಾಖಶಕ್ತಿಯಿಂದ ಲೆಕ್ಕ ಹಾಕಬಹುದು, ಆದರೆ ಆ ಲೆಕ್ಕವೇ ಶೇಕಡಾ ಕೆಲವಷ್ಟು ಆಚೀಚೆ ಆಗುತ್ತದೆ. ಹುಡುಕಿದ ಕೊರತೆಯೇ ಶೇ. 6ರಷ್ಟು! ಅದಕ್ಕೇ ಒಂದೇ ಅಚ್ಚಿನ ಎಂಟು ಡಿಟೆಕ್ಟರ್‌ಗಳು, ಒಂದೊಂದರ ಒಳಗೂ ಗ್ಯಾಡೊಲಿನಿಯಂ ಎಂಬ ಲೋಹ ಬೆರೆಸಿದ 20 ಟನ್ ದ್ರವ ಸಿಂಟಿಲೇಟರ್ (ಕಣ ಹಾದಾಗ ಮಿಂಚುವ ದ್ರವ). ನಾಲ್ಕು ಹತ್ತಿರ, ಸುಮಾರು 500 ಮೀಟರ್‌ನಲ್ಲಿ. ನಾಲ್ಕು ದೂರ, ಸುಮಾರು 1.6 ಕಿ.ಮೀ.ನಲ್ಲಿ. ಎರಡರ ಅನುಪಾತ ತೆಗೆದರೆ ರಿಯಾಕ್ಟರ್ ಲೆಕ್ಕದ ದೋಷ ಬಹುತೇಕ ಕಳಚಿಹೋಗುತ್ತದೆ. 2012ರ ಮಾರ್ಚ್‌ನಲ್ಲಿ, ಎಂಟರ ಪೈಕಿ ಆರೇ ಡಿಟೆಕ್ಟರ್‌ಗಳ 55 ದಿನಗಳ ದತ್ತಾಂಶದಿಂದ, ದೂರದಲ್ಲಿ ನಿರೀಕ್ಷೆಯ ಶೇ. 94 ಮಾತ್ರ ಸಿಕ್ಕಿದೆ ಎಂದು ಪ್ರಕಟಿಸಿದರು.

ಕಣವನ್ನು ಗುರುತಿಸುವ ಬಗೆಗೆ ಒಂದು ಪ್ಯಾರಾ ಬೇಕೇ ಬೇಕು. ಆಂಟಿನ್ಯೂಟ್ರಿನೊ ಪ್ರೋಟಾನ್‌ಗೆ ಬಡಿದರೆ ಪಾಸಿಟ್ರಾನ್ ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ತಕ್ಷಣ ಮಿಂಚುತ್ತದೆ. ಸುಮಾರು 30 ಮೈಕ್ರೋಸೆಕೆಂಡ್ ನಂತರ ನ್ಯೂಟ್ರಾನನ್ನು ಗ್ಯಾಡೊಲಿನಿಯಂ ನುಂಗಿ ಒಟ್ಟು ಸುಮಾರು 8 ಎಂಇವಿಯ ಗಾಮಾ ಕಿರಣಗಳನ್ನು ಬಿಡುತ್ತದೆ. ಈ ಜೋಡಿ ಮಿಂಚೇ ಗುರುತು. ಹೈಡ್ರೋಜನ್ ನುಂಗಿದರೆ ಬರುವುದು 2.2 ಎಂಇವಿ, ಅದೂ ತಡವಾಗಿ. ಬಂಡೆಯ ಸಹಜ ವಿಕಿರಣದ ನಡುವೆ ಅದನ್ನು ಬೇರ್ಪಡಿಸುವುದು ಕಷ್ಟ.

ಕೋಲಾರದ ಗಣಿಯಿಂದ ಶುರು ಮಾಡಿದ್ದೀರಿ. ಕನ್ನಡದ ಓದುಗರಿಗೆ ಹತ್ತಿರದ ವಿಷಯ, ನಿಜ, ಆದರೆ ಅಲ್ಲಿ 1965ರಲ್ಲಿ ಕಂಡದ್ದು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ. ತೆಗೆಯಬೇಡಿ, ನೆಲದಡಿಗೆ ಏಕೆ ಹೋಗಬೇಕು ಎನ್ನುವಲ್ಲಿಗೆ ಸರಿಸಿ. ಮೇಲಿನಿಂದ ಸುರಿಯುವ ಕಾಸ್ಮಿಕ್ ಮ್ಯುವಾನ್‌ಗಳನ್ನು ಬಹುಮಟ್ಟಿಗೆ ನೆಲ ತಡೆಯುತ್ತದೆ. ನುಸುಳಿದ ಮ್ಯುವಾನ್ ದ್ರವದಲ್ಲಿನ ಇಂಗಾಲದ ಪರಮಾಣುಬೀಜವನ್ನು ಒಡೆದಾಗ ಲಿಥಿಯಂ-9 ಹುಟ್ಟಬಹುದು. ಅದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬಾಳಿ, ಎಲೆಕ್ಟ್ರಾನ್ ಜೊತೆಗೆ ನ್ಯೂಟ್ರಾನನ್ನೂ ಉಗುಳಿ, ಅಸಲಿ ಸಂಕೇತವನ್ನೇ ನಕಲು ಮಾಡುತ್ತದೆ. ಅದಕ್ಕಾಗಿ ದೊಡ್ಡ ಮ್ಯುವಾನ್ ಹೊಡೆತವಾದರೆ ಮುಂದಿನ ಒಂದು ಸೆಕೆಂಡಿನ ದತ್ತಾಂಶವನ್ನೇ ಬಿಸಾಡುತ್ತಿದ್ದರು.

ಕೊನೆಯ ಜುನೋ (ದಾಯಾ ಬೇ ನಂತರ ಚೀನಾದಲ್ಲೇ ಕಟ್ಟಿದ ದೊಡ್ಡ ನ್ಯೂಟ್ರಿನೊ ಪ್ರಯೋಗ) ಭಾಗದಲ್ಲಿ 20,000 ಟನ್ ಎಂಬುದನ್ನೇ ಮೂರು ಸಲ ಹೇಳಿದ್ದೀರಿ. ರಿಯಾಕ್ಟರ್‌ಗಳಿಂದ 53 ಕಿ.ಮೀ. ದೂರಕ್ಕೆ ಕಣಗಳ ಹರಿವು ತೆಳುವಾಗುವುದರಿಂದ ಅಷ್ಟು ದ್ರವ ಬೇಕು, ಅಷ್ಟೇ. ಕಠಿಣವಾದದ್ದು ಬೇರೆ: ಶಕ್ತಿಯ ನಕ್ಷೆಯ ಮೇಲಿನ ಸಣ್ಣ ಏರಿಳಿತಗಳನ್ನು ಬಿಡಿಸಿ ನೋಡಲು 1 ಎಂಇವಿಯಲ್ಲಿ ಶೇ. 3ರ ನಿಖರತೆ ಬೇಕು. ಆ ಏರಿಳಿತಗಳಿಂದ ತಿಳಿಯಬೇಕಾದ ನ್ಯೂಟ್ರಿನೊ ದ್ರವ್ಯರಾಶಿಗಳ ಕ್ರಮ (ಯಾವುದು ಹಗುರ, ಯಾವುದು ಭಾರ) ‘ಇತ್ಯರ್ಥವಾಯಿತು’ ಎಂದೂ ಬರೆದಿದ್ದೀರಿ. 2025ರ ಆಗಸ್ಟ್‌ನಲ್ಲಷ್ಟೇ ದತ್ತಾಂಶ ಶುರುವಾಗಿದೆ. ಉತ್ತರಕ್ಕೆ ಆರೇಳು ವರ್ಷದ ಎಣಿಕೆ ಬೇಕಾದೀತು. ಆ ವಾಕ್ಯ ತೆಗೆದು, 1200 ಪದಗಳೊಳಗೆ ಮತ್ತೆ ಕಳಿಸಿ.

— ಸಂಪಾದಕರು